ಗೆರೆಯೊಳಗೆ ಎರಡು ಸಾಲು ಕಬ್ಬು!

ಒಂದು ಗುಂಟೆ ಎಂದರೆ ಎಷ್ಟು? 1,089 ಚದರ ಅಡಿ! ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ರೈತರು ಥಟ್ಟನೆ ಹೇಳುತ್ತಾರೆ. ಇಚಲಕರಂಜಿಯಲ್ಲಿ ಪ್ಲಾಟು ಮಾರುವವರು ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಆದರೆ 1,089 ಯಾಕೆ? ಸಾವಿರ ಯಾಕಲ್ಲ? ಸಾವಿರದ ನೂರು ಯಾಕಲ್ಲ? ಊಹಿಸಿ ನೋಡೋಣ.

33ನ್ನು 33ರಿಂದ ಗುಣಿಸಿ!

ಬಂತಲ್ಲ? ಬಾಂಬೆ ಪ್ರಾಂತದ ಮೋಜಣಿದಾರರು ಹೊಲದಲ್ಲಿ ಎಳೆದಾಡಿದ ಕಬ್ಬಿಣದ ಸರಪಳಿ 33 ಅಡಿ ಉದ್ದ. ಉದ್ದಕ್ಕೆ ಒಂದು ಸರಪಳಿ, ಅಗಲಕ್ಕೆ ಒಂದು ಸರಪಳಿ: ಒಂದು ಗುಂಟೆ. ಅಂಥವು 40 ಸೇರಿದರೆ ಎಕರೆ. 1835ರಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಕಂಪನಿ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಶುರುಮಾಡಿದ ಮೋಜಣಿ ಪದ್ಧತಿ ಮುಂದೆ ಕೊಲ್ಹಾಪುರ ಸಂಸ್ಥಾನಕ್ಕೂ ಬಂತು. 1949ರಲ್ಲಿ ಸಂಸ್ಥಾನ ಹೋಯಿತು. ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರದಲ್ಲಿ ಹೆಕ್ಟೇರ್, ಆರ್ ಬಂದವು. ಗುಂಟೆ ಮಾತ್ರ ಜನರ ಬಾಯಿ ಬಿಟ್ಟು ಹೋಗಲೇ ಇಲ್ಲ!

ಇನ್ನೂ ಮಜಾ ಇದೆ. ಆ ಸರಪಳಿಯನ್ನು 16 ಭಾಗ ಮಾಡಿ ಒಂದೊಂದಕ್ಕೆ ಆಣೆ ಎಂದು ಹೆಸರಿಟ್ಟಿದ್ದರು. ರೂಪಾಯಿಗೂ 16 ಆಣೆ, ಸರಪಳಿಗೂ 16 ಆಣೆ! ಹಳೆಯ ಮೋಜಣಿ ಟಿಪ್ಪಣಿಯಲ್ಲಿ ಹೊಲದ ಅಳತೆ ಹಾಗೆಯೇ ಇರುತ್ತದೆ: ಇಷ್ಟು ಸರಪಳಿ, ಇಷ್ಟು ಆಣೆ.

ಈ ಆಣೆ ಎಷ್ಟು ಉದ್ದ? ಬೆರಳಗಲ? ಗೇಣು? ಮೊಳ?

ಎರಡಡಿ! ಅದರ ಮೇಲೆ ಮುಕ್ಕಾಲು ಇಂಚು!

ಈಗ ನಿಜವಾದ ಸೋಜಿಗಕ್ಕೆ ಬನ್ನಿ. ಇವತ್ತು ಮೋಜಣಿಗೆ ರೋವರ್ ಬರುತ್ತದೆ. ಕೋಲಿನ ತುದಿಯಲ್ಲೊಂದು ಡಬ್ಬಿ, ಆಕಾಶದಲ್ಲಿ ಉಪಗ್ರಹಗಳು. ಕೋಲು ನಿಂತ ಜಾಗವನ್ನು ಐದು ಸೆಂಟಿಮೀಟರ್ ಒಳಗೆ ಹೇಳುತ್ತದೆ! ಆದರೆ ಅದು ಹುಡುಕುತ್ತಿರುವ ಗಡಿಯನ್ನು ಬರೆದಿಟ್ಟದ್ದು ಎರಡಡಿಯ ಆಣೆಯಲ್ಲಿ. ಯಂತ್ರದ ಕಣ್ಣು ಎಷ್ಟೇ ಚುರುಕಿದ್ದರೂ ಕಾಗದದಲ್ಲಿ ಇಲ್ಲದ್ದನ್ನು ಓದುವುದು ಹೇಗೆ?

ಒಂದು ಲೆಕ್ಕ ಮಾಡೋಣ. ಹೊಲ 16 ಸರಪಳಿ ಉದ್ದ, 10 ಸರಪಳಿ ಅಗಲ. 160 ಗುಂಟೆ, ನಾಲ್ಕು ಎಕರೆ. ಅಳೆದವನು ಪ್ರಾಮಾಣಿಕ. ಸರಪಳಿ ಸರಿಯಾಗಿದೆ. ಆದರೆ ತುದಿ ಎರಡು ಆಣೆಗಳ ನಡುವೆ ಬಿತ್ತು, ಹತ್ತಿರದ ಆಣೆ ಬರೆದುಕೊಂಡ. ಉದ್ದ, ಅಗಲ ಎರಡರಲ್ಲೂ ಅರ್ಧರ್ಧ ಆಣೆ ಒಂದೇ ದಿಕ್ಕಿಗೆ ತಪ್ಪಿದರೆ ಕ್ಷೇತ್ರದಲ್ಲಿ ಎಷ್ಟು ವ್ಯತ್ಯಾಸ ಬರಬಹುದು?

13 ಆಣೆ! ಇದು ಕ್ಷೇತ್ರದ ಆಣೆ, ಅಂದರೆ ಗುಂಟೆಯ 16ರಲ್ಲಿ 13 ಪಾಲು. ಸುಮಾರು 886 ಚದರ ಅಡಿ! ಎಕರೆಗೆ 40 ಟನ್ ಕಬ್ಬು ಬರುವ ಹೊಲವಾದರೆ ಎಂಟು ಕ್ವಿಂಟಾಲ್ ಕಬ್ಬಿನ ಜಾಗ. ಯಾರೂ ಬದು ಒತ್ತಲಿಲ್ಲ. ಯಾರೂ ಕಲ್ಲು ಸರಿಸಲಿಲ್ಲ. ಅಣ್ಣತಮ್ಮಂದಿರು ಮಾತು ಬಿಡುವ ಮೊದಲು ಈ ಲೆಕ್ಕವನ್ನೊಮ್ಮೆ ನೋಡಬೇಕು ಎಂದು ನನಗೆ ತುಂಬ ಅನ್ನಿಸುತ್ತದೆ.

ಸರಪಳಿಯೇ ಸರಿಯಿಲ್ಲದಿದ್ದರೆ? ಎಳೆದೂ ಎಳೆದೂ ಕೊಂಡಿಗಳು ಸವೆಯುತ್ತವೆ, ಬಳೆಗಳು ಬಾಯಿ ಬಿಡುತ್ತವೆ, ಸರಪಳಿ ಉದ್ದವಾಗುತ್ತದೆ. ಹೇಳಿ: ಉದ್ದವಾದ ಸರಪಳಿಯಿಂದ ಅಳೆದರೆ ಕಾಗದದಲ್ಲಿ ಜಮೀನು ಹೆಚ್ಚುತ್ತದೋ, ಕಡಿಮೆಯಾಗುತ್ತದೋ?

ಕಡಿಮೆಯಾಗುತ್ತದೆ! 33 ಅಡಿ ಸರಪಳಿ ಬರೇ ಅರ್ಧ ಇಂಚು ಹಿಗ್ಗಿದ್ದರೆ ಎಕರೆಗೆ 110 ಚದರ ಅಡಿ ಕಾಗದದಿಂದ ಮಾಯ. ಹತ್ತಡಿಗೆ ಹನ್ನೊಂದಡಿಯ ಒಂದು ಕೋಣೆಯಷ್ಟು!

ಹೊಸ ಸರಪಳಿಗೂ ಹೆಚ್ಚುಕಡಿಮೆ ಇದೆ ಗೊತ್ತೇ? ಭಾರತೀಯ ಮಾನಕವೇ 30 ಮೀಟರ್ ಸರಪಳಿ 8 ಮಿಲಿಮೀಟರ್ ಆಚೀಚೆ ಇರಲು ಒಪ್ಪುತ್ತದೆ. ಉಕ್ಕಿನ ಟೇಪು ಹಿಡಿಯುತ್ತೀರಾ? ಬಿಸಿಲಿಗೆ ಟೇಪು 20 ಡಿಗ್ರಿ ಹೆಚ್ಚು ಕಾದರೆ 30 ಮೀಟರ್‌ಗೆ 7 ಮಿಲಿಮೀಟರ್ ಬೆಳೆದುಬಿಡುತ್ತದೆ!

ಹಾಗಾದರೆ ನಕ್ಷೆಯನ್ನೇ ನಂಬೋಣ ಅನ್ನುತ್ತೀರಿ. ಬನ್ನಿ, ಅದನ್ನೂ ಬಿಡಿಸೋಣ! ಹಳೆಯ ಊರ ನಕ್ಷೆಗಳಲ್ಲಿ ಒಂದು ಇಂಚಿಗೆ 20 ಸರಪಳಿ, ಅಂದರೆ 660 ಅಡಿ. ಒಂದು ಚದರ ಇಂಚು ಸರಿಯಾಗಿ 10 ಎಕರೆ! ಎಂಥ ಅಂದದ ಲೆಕ್ಕ! ಅದರ ಮೇಲೆ ಮಸಿಯ ಗೆರೆ ಎಳೆದಿದ್ದಾರೆ. ತೆಳ್ಳಗಿನ ಗೆರೆ, ಕಾಲು ಮಿಲಿಮೀಟರ್ ಅನ್ನಿ. ನೆಲದ ಮೇಲೆ ಆ ಗೆರೆ ಎಷ್ಟು ಅಗಲ?

ಆರೂವರೆ ಅಡಿ!

ಗಡಿ ಎಲ್ಲಿ ಎಂದು ಕೇಳಿದರೆ ಆ ಗೆರೆಯೊಳಗೆ ಎಲ್ಲೋ. ಮೂರಡಿಗೊಂದು ಸಾಲು ಹಚ್ಚಿದರೆ ಗೆರೆಯೊಳಗೇ ಎರಡು ಸಾಲು ಕಬ್ಬು! ಆದ್ದರಿಂದಲೇ ಬಲ್ಲ ಮೋಜಣಿದಾರರು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗಡಿ ಹೇಳುವುದಿಲ್ಲ. ಟಿಪ್ಪಣಿಯ ಅಂಕಿ ನೋಡುತ್ತಾರೆ. ಹಳೆಯ ಗಡಿಕಲ್ಲು, ಬಾವಿ, ಮೂರು ಊರಿನ ಗಡಿ ಕೂಡುವ ಕಲ್ಲು ಹುಡುಕುತ್ತಾರೆ. ಅವಕ್ಕೆ ಹಳೆಯ ಅಳತೆಯನ್ನು ಕೂಡಿಸಿ ಹೊಂದಿಸುತ್ತಾರೆ. ನಾನು ಬೆರಗಾಗುವುದು ಈ ಹೊಂದಿಸುವ ಕಸುಬಿಗೆ! ಸೆಂಟಿಮೀಟರ್ ಯಂತ್ರದ್ದು, ಯಾವ ಕಲ್ಲನ್ನು ನಂಬಬೇಕು ಎಂಬುದು ಮನುಷ್ಯನದ್ದು.

ಸರಪಳಿಯಿಂದ ಇನ್ನೂ ನಿಖರವಾಗಿ ಅಳೆಯಲು ಆಗುತ್ತಿರಲಿಲ್ಲವೇ? ಆಗುತ್ತಿತ್ತು! ಮೋಜಣಿದಾರ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಎಳೆಸಿದ 100 ಅಡಿಯ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಬೇಡವೆನಿಸಿಕೊಂಡಿದ್ದ ಸರಪಳಿ! ಮುಂದೆ 1802ರಲ್ಲಿ ಮದ್ರಾಸಿನಲ್ಲಿ ಏಳೂವರೆ ಮೈಲಿ ಅಳೆಯಲು 57 ದಿನ ಹಿಡಿಯಿತು. ಅಲ್ಲಿಂದ ತ್ರಿಕೋನಗಳನ್ನು ಪೋಣಿಸುತ್ತ ಬೆಂಗಳೂರಿಗೆ ಬಂದರು. 1804ರಲ್ಲಿ ಬೆಂಗಳೂರಿನ ಏಳು ಮೈಲಿಯ ಗೆರೆಯನ್ನು ನೆಲದ ಮೇಲೆ ಅಳೆದು ತ್ರಿಕೋನಗಳ ಲೆಕ್ಕಕ್ಕೆ ಹೋಲಿಸಿದರೆ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ!

ಆದರೆ ಏಳೂವರೆ ಮೈಲಿಗೆ 57 ದಿನ ಹಿಡಿದರೆ ಒಂದು ತಾಲೂಕಿನ ಹೊಲಗಳಿಗೆ ಎಷ್ಟು ಜನ್ಮ ಬೇಕು? ಕಂದಾಯಕ್ಕೆ ಆಣೆ ಸಾಕಿತ್ತು. ಆ ಹೆಚ್ಚುಕಡಿಮೆಯನ್ನು ತಿಳಿದೇ ಒಪ್ಪಿಕೊಂಡಿದ್ದರು.

ಕೊನೆಗೊಂದು ಗುಟ್ಟು. ನಿಮ್ಮ ಹೊಲದ ಟಿಪ್ಪಣಿಯ ನಕಲು ತೆಗೆಸಿ. ಹೊಲ ಹೆಚ್ಚುಕಡಿಮೆ ಆಯತಾಕಾರದ್ದಾಗಿದ್ದರೆ ಉದ್ದ, ಅಗಲ ಎರಡನ್ನೂ ಸರಪಳಿಯಲ್ಲಿ ಕೂಡಿಸಿ. ಅರ್ಧ ಮಾಡಿ. ಬರೇ ಬರೆದುಕೊಂಡದ್ದರಿಂದ ಅಷ್ಟು ಆಣೆ ಕ್ಷೇತ್ರ ಆಚೀಚೆ ಆಗಿರಬಹುದು! ನಂಬಿಕೆ ಬರಲಿಲ್ಲವೇ? ಮೇಲಿನ ಹೊಲದ್ದು 16, 10. ಕೂಡಿಸಿದರೆ 26, ಅರ್ಧ 13. ನಿಮ್ಮದು ಎಷ್ಟು ಬಂತು?