ಬಟ್ಟೆಯ ಚೀಟಿಯಲ್ಲಿನ ಸಂಕೇತಗಳು

ಅಂಗಡಿಯಿಂದ ಕೊಂಡು ತಂದ ಅಂಗಿಯ ಕತ್ತುಪಟ್ಟಿಯ ಒಳಬದಿಯಲ್ಲೋ ಪಕ್ಕದ ಹೊಲಿಗೆಯಲ್ಲೋ ಒಂದು ಚಿಕ್ಕ ಚೀಟಿಯಿರುತ್ತದೆ. ಅದರಲ್ಲಿ ನೀರಿನ ತೊಟ್ಟಿ, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ, ವೃತ್ತ ಎಂಬ ಐದು ಬಗೆಯ ಚಿತ್ರಗಳನ್ನು ಕಾಣಬಹುದು. ಇವು ಅಲಂಕಾರಕ್ಕಾಗಿ ಮುದ್ರಿಸಿದವುಗಳಲ್ಲ.

ಹಿಂದೆ ಇಂತಹ ಚೀಟಿಯ ಅಗತ್ಯವಿರಲಿಲ್ಲ. ಹತ್ತಿ, ಉಣ್ಣೆ, ರೇಷ್ಮೆಗಳೇ ಹೆಚ್ಚಾಗಿ ಬಳಕೆಯಲ್ಲಿದ್ದಾಗ, ಬಟ್ಟೆಯನ್ನು ಮುಟ್ಟಿ ನೋಡಿಯೇ ಅದರ ಗುಣವನ್ನರಿಯುವ ಜಾಣ್ಮೆ ಮಡಿವಾಳರಿಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ನೈಲಾನ್, ಪಾಲಿಯೆಸ್ಟರ್ ಮುಂತಾದ ಕೃತಕ ಎಳೆಗಳು ಬಂದವು. ಅವನ್ನು ಹತ್ತಿಯೊಡನೆ ಬೆರೆಸಿ ನೇಯ್ದ ಟೆರಿಕಾಟ್‌ನಂತಹ ಬಟ್ಟೆಗಳು ಮನೆಮನೆಗೂ ಹರಡಿದವು. ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಬಟ್ಟೆಗಳಲ್ಲಿ ಒಂದು ಕುದಿನೀರನ್ನು ತಾಳಿಕೊಂಡರೆ ಇನ್ನೊಂದು ಮುದುಡಿಹೋಗುವುದು. ಕೈಗೆ ತಿಳಿಯದ ಈ ಭೇದವನ್ನು ಯಾವ ಭಾಷೆಯವರಿಗಾದರೂ ತಿಳಿಸಬಲ್ಲ ಗುರುತುಗಳು ಬೇಕಾದವು. 1963ರಲ್ಲಿ ಪ್ಯಾರಿಸ್ ನಗರದಲ್ಲಿ ಸ್ಥಾಪಿತವಾದ ಜಿನೆಟೆಕ್ಸ್ ಎಂಬ ಅಂತರರಾಷ್ಟ್ರೀಯ ಸಂಘವು ಇವುಗಳನ್ನು ಪ್ರಚಾರಕ್ಕೆ ತಂದಿತು. 1991ರಲ್ಲಿ ಇವು ಅಂತರರಾಷ್ಟ್ರೀಯ ಮಾನಕವಾಗಿಯೂ ಪ್ರಕಟವಾದವು.

ತೊಟ್ಟಿಯ ಚಿತ್ರವು ಒಗೆಯುವ ಕ್ರಮವನ್ನು ತಿಳಿಸುತ್ತದೆ. ಅದರೊಳಗೆ 40 ಎಂದಿದ್ದರೆ ನೀರು 40 ಡಿಗ್ರಿ ಸೆಲ್ಸಿಯಸ್ ಬಿಸಿಯಿರಲೇಬೇಕೆಂದು ಕೆಲವರು ಭಾವಿಸುವುದುಂಟು. ಆದರೆ ಆ ಸಂಖ್ಯೆಯು ಮೀರಬಾರದ ಮಿತಿಯನ್ನು ಮಾತ್ರ ಹೇಳುತ್ತದೆ. ತಣ್ಣೀರಿನಲ್ಲಿ ಒಗೆದರೆ ಬಟ್ಟೆಗೆ ಯಾವ ಬಾಧಕವೂ ಇಲ್ಲ. ತೊಟ್ಟಿಯ ಕೆಳಗೆ ಒಂದು ಗೆರೆಯಿದ್ದರೆ ಯಂತ್ರದಲ್ಲಿ ಮೃದುವಾಗಿ, ಎರಡು ಗೆರೆಗಳಿದ್ದರೆ ಇನ್ನೂ ಮೃದುವಾಗಿ ಒಗೆಯಬೇಕು. ತೊಟ್ಟಿಯೊಳಗೆ ಕೈಯ ಚಿತ್ರವಿದ್ದರೆ ಕೈಯಿಂದಲೇ ಒಗೆಯತಕ್ಕದ್ದು. ಯಾವ ಚಿತ್ರದ ಮೇಲಾದರೂ ಗುಣಾಕಾರದ ಗುರುತಿನಂತೆ ಅಡ್ಡಗೆರೆಗಳಿದ್ದರೆ ಆ ಕೆಲಸವು ನಿಷಿದ್ಧ.

ಈ ನಿಷೇಧಗಳಿಗೆ ಕಾರಣವು ಎಳೆಯ ರಚನೆಯಲ್ಲಿಯೇ ಇದೆ. ಉಣ್ಣೆಯ ಎಳೆಯ ಮೈಮೇಲೆ, ಮಾಡಿನ ಮೇಲಿನ ಹೆಂಚುಗಳಂತೆ, ಒಂದರ ಮೇಲೊಂದು ಹೊದ್ದ ಸೂಕ್ಷ್ಮವಾದ ಹುರುಪೆಗಳಿವೆ. ಬಿಸಿನೀರಿನಲ್ಲಿ ಹಾಕಿ ತಿಕ್ಕಿದಾಗ ಅಕ್ಕಪಕ್ಕದ ಎಳೆಗಳ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಬಟ್ಟೆಯು ಕಂಬಳಿಯಂತೆ ದಪ್ಪಗಾಗಿ ಕುಗ್ಗುತ್ತದೆ. ಹೀಗೆ ಕುಗ್ಗಿದ ಸ್ವೆಟರನ್ನು ಎಷ್ಟು ಎಳೆದರೂ ಮೊದಲಿನಂತಾಗದು.

ತ್ರಿಕೋನವು ಚಲುವೆ ಮಾಡುವುದಕ್ಕೆ ಸಂಬಂಧಿಸಿದುದು. ಒಳಗೆ ಎರಡು ಓರೆಗೆರೆಗಳಿದ್ದರೆ ಕ್ಲೋರೀನ್ ಇರುವ ಚಲುವೆಪುಡಿಯನ್ನು ಬಳಸಬಾರದು. ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯ ಪ್ರೋಟೀನುಗಳಾದುದರಿಂದ ಕ್ಲೋರೀನ್ ಅವುಗಳನ್ನು ಹಳದಿಯಾಗಿಸಿ ಶಿಥಿಲಗೊಳಿಸುತ್ತದೆ.

ಇಸ್ತ್ರಿಪೆಟ್ಟಿಗೆಯ ಚಿತ್ರದಲ್ಲಿ ಚುಕ್ಕೆಗಳನ್ನು ಎಣಿಸಬೇಕು. ಸಾಮಾನ್ಯವಾಗಿ ನೈಲಾನಿಗೆ ಒಂದು, ಉಣ್ಣೆ, ರೇಷ್ಮೆ, ಪಾಲಿಯೆಸ್ಟರ್‌ಗಳಿಗೆ ಎರಡು, ಹತ್ತಿಗೆ ಮೂರು ಚುಕ್ಕೆಗಳಿರುತ್ತವೆ. ಹತ್ತಿಯ ಅಂಗಿಗೆ ಕಾಯಿಸಿದ ಪೆಟ್ಟಿಗೆಯನ್ನು ನೈಲಾನಿನ ಮೇಲಿಟ್ಟರೆ ಎಳೆಯೇ ಕರಗಿ ಪೆಟ್ಟಿಗೆಗೆ ಅಂಟಿಕೊಳ್ಳುವುದು.

ಚೌಕವು ಒಣಗಿಸುವುದರ ಸಂಕೇತ. ಅದರ ಮೇಲಿನ ಎಡಮೂಲೆಯಲ್ಲಿ ಎರಡು ಓರೆಗೆರೆಗಳಿದ್ದರೆ ಬಟ್ಟೆಯನ್ನು ನೆರಳಿನಲ್ಲಿ ಆರಹಾಕಬೇಕು. ಮೈಸೂರು ರೇಷ್ಮೆಯ ಸೀರೆಯನ್ನು ಬಿಸಿಲಿಗೆ ಹಾಕದ ಗೃಹಿಣಿಯರು ಈ ಗೆರೆಗಳನ್ನು ಎಂದೂ ಕಾಣದಿದ್ದರೂ ಅವುಗಳ ಅರ್ಥವನ್ನು ಬಲ್ಲರು.

ಉಳಿದುದು ವೃತ್ತ. ಅದರೊಳಗಿನ ಇಂಗ್ಲಿಷಿನ ಪಿ, ಎಫ್ ಅಕ್ಷರಗಳು ಡ್ರೈಕ್ಲೀನಿಂಗ್ ಅಂಗಡಿಯವರಿಗೆ ಯಾವ ದ್ರಾವಕವನ್ನು ಬಳಸಬಹುದೆಂದು ತಿಳಿಸುತ್ತವೆ. ಮನೆಯವರಿಗೆ ಅವುಗಳಿಂದ ನೇರವಾದ ಪ್ರಯೋಜನವಿಲ್ಲ. ಆದರೂ ಚೀಟಿಯನ್ನು ಕತ್ತರಿಸಿ ಎಸೆದಿದ್ದರೆ ಅಂಗಡಿಯವರು ಊಹೆಯಿಂದಲೇ ದ್ರಾವಕವನ್ನು ಆರಿಸಬೇಕಾಗುತ್ತದೆ.