ಪಠ್ಯ ಕಡತ, ಬೈನರಿ ಕಡತ: ಕಾಸರಗೋಡಿನ ದ್ವಿಭಾಷಾ ದಾಖಲೆಗಳ ದೃಷ್ಟಿಯಿಂದ

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ದಾಖಲೆಗಳಲ್ಲಿ ಕನ್ನಡ ಮತ್ತು ಮಲಯಾಳ ಜತೆಜತೆಯಾಗಿ ನಿಲ್ಲುವುದು ರೂಢಿಯಾಯಿತು. ಸ್ಥಳನಾಮಗಳ ಪಟ್ಟಿಯನ್ನಾಗಲಿ ಹಸ್ತಪ್ರತಿಗಳ ಸೂಚಿಯನ್ನಾಗಲಿ ಗಣಕಕ್ಕೆ ಅಳವಡಿಸುವಾಗ ಎರಡೂ ಲಿಪಿಗಳು ಒಂದೇ ಕಡತದಲ್ಲಿ ಕೂಡುತ್ತವೆ. ಇಂತಹ ಪಟ್ಟಿಯನ್ನು ಸಿ ಭಾಷೆಯ ಪ್ರೋಗ್ರಾಮಿನಿಂದ ಬೈನರಿ ರೂಪಕ್ಕೆ ತರುವಾಗ, ಕನ್ನಡದಲ್ಲಿ ಪರೀಕ್ಷಿಸಿದಾಗ ಸರಿಯಾಗಿ ಓದಿದ ಪ್ರೋಗ್ರಾಮು ಮಲಯಾಳದ ಒಂದು ಅಕ್ಷರದ ಮುಂದೆ ನಿಂತುಬಿಡುವ ಸಂಭವವಿದೆ.

ಸಿ ಭಾಷೆಯಲ್ಲಿ ಕಡತವನ್ನು ತೆರೆಯುವ ವಿಧಾನಗಳು ಎರಡು. ಬೈನರಿ ವಿಧಾನದಲ್ಲಿ ಬೈಟುಗಳು ಇದ್ದಂತೆಯೇ ಬರುತ್ತವೆ. ಪಠ್ಯ ವಿಧಾನದಲ್ಲಿ ಆಯಾ ವ್ಯವಸ್ಥೆಯ ಸಂಪ್ರದಾಯಕ್ಕೆ ತಕ್ಕಂತೆ ಮಾರ್ಪಾಟಾಗಬಹುದು. ಲಿನಕ್ಸ್‌ನಲ್ಲಿ ಇವೆರಡಕ್ಕೂ ಭೇದವಿಲ್ಲ. ವಿಂಡೋಸ್‌ನಲ್ಲಿ ಮಾತ್ರ, ಓದುವಾಗ 13, 10 ಎಂಬ ಬೈಟುಗಳ ಜೋಡಿ ಒಂದೇ 10 ಆಗುತ್ತದೆ; ಬರೆಯುವಾಗ ಪ್ರತಿಯೊಂದು 10ರ ಹಿಂದೆ 13 ಸೇರುತ್ತದೆ; ಓದುವಾಗ 26 ಎದುರಾದರೆ ಕಡತ ಮುಗಿಯಿತೆಂದೇ ಅರ್ಥ. ಕೊನೆಯ ನಿಯಮ ಸಿಪಿ/ಎಂ ಕಾಲದ ಉಳಿಕೆ. ಆಗ ಕಡತದ ಉದ್ದವನ್ನು 128 ಬೈಟುಗಳ ತುಂಡುಗಳಲ್ಲಿ ಎಣಿಸುತ್ತಿದ್ದುದರಿಂದ ಪಠ್ಯದ ನಿಜವಾದ ಕೊನೆಗೆ ಒಂದು ಗುರುತು ಬೇಕಾಗಿತ್ತು. ಆ ಅಗತ್ಯ ಹೋದರೂ ಗುರುತು ಹೋಗಲಿಲ್ಲ.

ಯೂನಿಕೋಡಿನ ಯುಟಿಎಫ್-16 ರೂಪದಲ್ಲಿ ಕನ್ನಡ, ಮಲಯಾಳಗಳ ಪ್ರತಿ ಸಂಕೇತಕ್ಕೂ ಎರಡು ಬೈಟುಗಳು. ಕನ್ನಡದ ಮೇಲಿನ ಬೈಟು ಯಾವಾಗಲೂ 12, ಕೆಳಗಿನದು 128ರಿಂದ 255ರ ಒಳಗೆ. ಮಲಯಾಳದ ಮೇಲಿನ ಬೈಟು 13, ಕೆಳಗಿನದು 0ಯಿಂದ 127ರ ಒಳಗೆ. ಕನ್ನಡದ ‘ಚ’ 12, 154 ಆದರೆ ಮಲಯಾಳದ ‘ಚ’ 13, 26. ಮಲಯಾಳದ ‘ಊ’ 13, 10. ಹೀಗಾಗಿ ಪಠ್ಯ ವಿಧಾನದಲ್ಲಿ ಬೈಟು ಬೈಟಾಗಿ ಓದುವ ಪ್ರೋಗ್ರಾಮು ಮಲಯಾಳದಲ್ಲಿ ಬರೆದ ಚಂದ್ರಗಿರಿಯನ್ನೋ ಚೆರುವತ್ತೂರನ್ನೋ ಕಂಡೊಡನೆ ಕಡತ ಮುಗಿಯಿತೆಂದು ತಿಳಿಯುತ್ತದೆ. ದೋಷಸೂಚನೆಯೂ ಬರುವುದಿಲ್ಲ, ಉಳಿದ ನಮೂದುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಪರೀಕ್ಷೆಗೆ ಕನ್ನಡ ಪಟ್ಟಿಯನ್ನಷ್ಟೇ ಬಳಸಿದವರಿಗೆ ಈ ಲೋಪ ಕಾಣುವಂತೆಯೇ ಇಲ್ಲ. (ಗುರುಮುಖಿಯ ಪಾಡು ಇನ್ನೂ ಕಷ್ಟ: ಅದರ ಮೇಲಿನ ಬೈಟೇ 10.)

ಬರೆಯುವಾಗ ಕನ್ನಡಕ್ಕೂ ರಕ್ಷಣೆಯಿಲ್ಲ. ಸಾಲಿನ ಕೊನೆಯ 10ರ ಹಿಂದೆ 13 ಸೇರಿಕೊಂಡು ಮುಂದಿನ ಜೋಡಿಗಳೆಲ್ಲ ಒಂದು ಬೈಟಿನಷ್ಟು ಜರುಗುತ್ತವೆ. ಮರುಸಾಲಿನ ಕೊನೆಯಲ್ಲಿ ಇನ್ನೊಂದು 13 ಸೇರಿ ಜೋಡಿಗಳು ಮತ್ತೆ ಕೂಡುತ್ತವೆ. ಒಂದು ಸಾಲು ಬಿಟ್ಟು ಒಂದು ಸಾಲು ಅರ್ಥಹೀನವಾಗಿ ಕಂಡರೆ ರೋಗ ಇದೇ ಎಂದು ಹೇಳಬಹುದು.

ಯುಟಿಎಫ್-16 ಕಡತವನ್ನು ಬೈನರಿ ವಿಧಾನದಲ್ಲೇ ತೆರೆಯುವುದು ಒಂದು ಪರಿಹಾರ. ಪಠ್ಯವನ್ನು ಯುಟಿಎಫ್-8ರಲ್ಲಿ ಇಡುವುದು ಇನ್ನೂ ಮೇಲು. ಅದರಲ್ಲಿ ಈ ಎರಡೂ ಲಿಪಿಗಳ ಪ್ರತಿ ಬೈಟೂ 128 ಅಥವಾ ಅದಕ್ಕೆ ಮೇಲ್ಪಟ್ಟದ್ದು. ಅಕ್ಷರಗಳ ನಡುವೆ 10, 13, 26 ತಲೆಹಾಕುವುದೇ ಇಲ್ಲ. ಆದರೆ ಪರಿವರ್ತನೆಯಿಂದ ಹುಟ್ಟಿದ ಬೈನರಿ ಕಡತಕ್ಕೆ ಈ ಭರವಸೆ ಸಲ್ಲದು. ಅಲ್ಲಿ ಕ್ರಮಸಂಖ್ಯೆಗಳೂ ಬೈಟುಗಳೇ. ಅದನ್ನು ಪಠ್ಯ ವಿಧಾನದಲ್ಲಿ ತೆರೆದರೆ ಅಚ್ಚಕನ್ನಡದ ಪಟ್ಟಿಯೂ ಇಪ್ಪತ್ತಾರನೆಯ ನಮೂದಿನಲ್ಲಿ, ಬಹುಶಃ ಅದಕ್ಕೂ ಮೊದಲೇ, ನಿಂತುಹೋಗುತ್ತದೆ.

ಬೈನರಿ ದಾಖಲೆಯಲ್ಲಿ ಹೆಸರಿಗೆ ಮೀಸಲಿಡುವ ಜಾಗದ ವಿಚಾರವೂ ಇಲ್ಲಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟುಗಳು. ಒತ್ತಕ್ಷರದ ನಡುವಣ ವಿರಾಮಚಿಹ್ನೆಯೂ ಒಂದು ಸಂಕೇತವೇ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ಈ ಮೂರು ತಾಲೂಕುಗಳ ಹೆಸರಿನಲ್ಲೂ ಎಂಟೆಂಟು ಸಂಕೇತಗಳಿದ್ದು, ತಲಾ 24 ಬೈಟುಗಳಾಗುತ್ತವೆ. 24 ಬೈಟುಗಳ ಅಂಕಣದಲ್ಲಿ ಅವು ತುಂಬಿಕೊಂಡರೆ ಸಿ ಭಾಷೆ ಪದಾಂತ್ಯದಲ್ಲಿ ನಿರೀಕ್ಷಿಸುವ ಶೂನ್ಯಕ್ಕೆ ಎಡೆಯಿರದು. ಓದುವ ಪ್ರೋಗ್ರಾಮು ಪಕ್ಕದ ಅಂಕಣಕ್ಕೂ ನುಗ್ಗುತ್ತದೆ. ನಾಲ್ಕನೆಯ ತಾಲೂಕಾದ ವೆಳ್ಳರಿಕುಂಡಿಗೆ 36 ಬೈಟುಗಳು ಬೇಕು. ಆದುದರಿಂದ ಅಂಕಣದ ಅಳತೆಯನ್ನು ಮೊದಲೇ ಗೊತ್ತುಮಾಡುವ ಬದಲು ಪ್ರತಿ ಹೆಸರಿನ ಮುಂದೆ ಅದರ ಬೈಟುಗಳ ಸಂಖ್ಯೆಯನ್ನು ಬರೆದಿಡುವುದು ಯುಕ್ತ.