ಬಿಸಿನೀರಿಗೂ ಎಂಎಸ್‌ಗೂ ಏನು ನಂಟು?

ಪ್ರಶ್ನೆ: ನನ್ನ ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಬಿಸಿನೀರಿನ ಸ್ನಾನ ಮಾಡಿ ಬಂದರೆ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಕಾಯಿಲೆ ಬೆಳೆಯುತ್ತಿದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಟ್‌ಹಾಫ್ 1890ರಲ್ಲಿ ಇಂಥ ತಾತ್ಕಾಲಿಕ ಮಂಜನ್ನು ದಾಖಲಿಸಿದರು. ಇದಕ್ಕೆ ಅವರದೇ ಹೆಸರಿದೆ. ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಮೈಲಿನ್ ಹೊದಿಕೆಯನ್ನು ಹಾಳುಗೆಡವುತ್ತದೆ. ಹೊದಿಕೆ ಸವೆದ ನರದಲ್ಲಿ ಸಂಕೇತ ಹೇಗೋ ತೆವಳುತ್ತಿರುತ್ತದೆ. ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಅದು ಅಲ್ಲೇ ನಿಂತುಬಿಡಬಹುದು. ಮೈ ತಣಿದರೆ ಮತ್ತೆ ಸಾಗುತ್ತದೆ. ಎಂಆರ್‌ಐ ಬರುವ ಮೊದಲು, ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಕೆರಳುತ್ತದೆಯೇ ಎಂದು ವೈದ್ಯರು ಪರೀಕ್ಷಿಸುತ್ತಿದ್ದುದೂ ಉಂಟು.

ರೋಗ ನಿಜವಾಗಿ ಮುಂದುವರಿಯುವ ಬಗೆ ಬೇರೆ. ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಕಂಬಿಯ ಆಸರೆ ಬೇಕಾಗುವುದು, ನಡೆಯುವ ದೂರ ಕುಗ್ಗುವುದು ತಿಂಗಳುಗಟ್ಟಲೆ ನಡೆಯುತ್ತದೆ, ವಿಶ್ರಾಂತಿಯಿಂದ ಹಿಂದಿರುಗದು. ಅಂಥ ಬದಲಾವಣೆಯನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ.

ಅಕ್ಕನ ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಕಾಲು ಸೋತರೆ ಬೀಳದಂತೆ ಬಚ್ಚಲಲ್ಲಿ ಸ್ಟೂಲ್ ಇಡಿ. ಜ್ವರವಿದ್ದರೆ ಅದಕ್ಕೆ ಮೊದಲು ಮದ್ದು ಮಾಡಿಸಿ. ಜ್ವರವಿಲ್ಲದೆಯೂ ತೊಂದರೆ 24 ಗಂಟೆ ದಾಟಿದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿ.